ಅಮ್ಮನ ಅವಸರಕ್ಕೊಂದು ಅಳತೆ



ಸಂಘದ ನಾಟಕಕ್ಕೆ ಹೊರಡೋಣವೆಂದರೆ ಅಮ್ಮ "ನೀವೇ ಹೋಗಿಬನ್ನಿ" ಎನ್ನುತ್ತಾರೆಯೇ? ಮುಂಬಯಿಯ ಲೋಕಲ್ ಗಾಡಿಗಳಲ್ಲಿ ಶೌಚಾಲಯವಿಲ್ಲ. ಅನೇಕ ತಾಯಂದಿರ ಚಿಂತೆ ಅದೇ. ಬಾಯಿಬಿಟ್ಟು ಹೇಳಲು ಸಂಕೋಚ. "ವಯಸ್ಸಾಯಿತಲ್ಲ" ಎಂದು ನಾವೂ ಸುಮ್ಮನಾಗುತ್ತೇವೆ.

ಇದು ಬರೀ ವಯಸ್ಸಿನ ಮಾತಲ್ಲ. ಮೂತ್ರಕೋಶ ಅತಿಯಾಗಿ ಚುರುಕಾಗುವ ತೊಂದರೆ ಇರಬಹುದು. ವೈದ್ಯರು ಇದನ್ನು 'ಓವರ್‌ಆ್ಯಕ್ಟಿವ್ ಬ್ಲ್ಯಾಡರ್' ಎನ್ನುತ್ತಾರೆ. ಇದರ ಮುಖ್ಯ ಲಕ್ಷಣ ಅವಸರ: ಇದ್ದಕ್ಕಿದ್ದಂತೆ ಒಂದಕ್ಕೆ ಹೋಗಲೇಬೇಕೆನಿಸಿ, ತಡೆಯುವುದು ಕಷ್ಟವಾಗುವುದು. ಪದೇ ಪದೇ ಹೋಗುವುದು ಬೇರೆ, ಸೋರುವುದು ಬೇರೆ. ಅವು ಇದರ ಜೊತೆಗೆ ಬರಬಹುದು.

ಎಷ್ಟು ಸಲ ಹೋದರೆಂದು ಎಣಿಸಬಹುದು, ಎಷ್ಟು ಮಿಲಿಲೀಟರ್ ಎಂದು ಅಳೆಯಬಹುದು. ಅವಸರ ಮಾತ್ರ ಅನುಭವಿಸಿದವರಿಗಷ್ಟೇ ಗೊತ್ತು. ಆದ್ದರಿಂದ ಅದಕ್ಕೆ ರೋಗಿಯೇ ಅಂಕ ಕೊಡುವ ಕ್ರಮವಿದೆ:

0 – ಅವಸರವಿರಲಿಲ್ಲ, ಬೇರೆ ಕಾರಣಕ್ಕೆ ಹೋದೆ.
1 – ಬೇಕಾದಷ್ಟು ಹೊತ್ತು ತಡೆಯಬಹುದಿತ್ತು.
2 – ಸ್ವಲ್ಪ ಹೊತ್ತು ತಡೆಯಬಹುದಿತ್ತು.
3 – ತಡೆಯಲಾಗದೆ ಓಡಿದೆ.
4 – ತಲುಪುವ ಮೊದಲೇ ಸೋರಿತು.

ಮೂರು ದಿನ ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಸಲದ ವೇಳೆ, ಪ್ರಮಾಣ, ಅಂಕ ಬರೆದಿಡಬೇಕು. ಕುಡಿದ ನೀರು, ಕಾಫಿ, ಚಹಾದ ಲೆಕ್ಕವೂ ಇರಲಿ. ರಾತ್ರಿ ಎದ್ದದ್ದನ್ನೂ ಬಿಡಬಾರದು.

ಇಲ್ಲಿ ನಮಗೊಂದು ಕೆಲಸವಿದೆ. ಅಮ್ಮ ಕನ್ನಡದಲ್ಲಿ "ತಡೆಯೋಕೇ ಆಗಲ್ಲ ಕಣೋ" ಎನ್ನುತ್ತಾರೆ. ನಾವು ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ವೈದ್ಯರಿಗೆ "ಪದೇ ಪದೇ ಹೋಗುತ್ತಾರೆ" ಎಂದುಬಿಡುತ್ತೇವೆ. ಅಲ್ಲಿಗೆ ಮುಖ್ಯ ಲಕ್ಷಣವೇ ಮರೆಯಾಯಿತು! ಅಂಕ ಅಮ್ಮನದೇ ಇರಲಿ, ನಾವು ಊಹಿಸಿ ಬರೆಯುವುದು ಬೇಡ. ಗಂಡುಮಕ್ಕಳೂ ನಾಚಬೇಕಾಗಿಲ್ಲ.

ಮೂತ್ರದ ಸೋಂಕು, ಸಕ್ಕರೆ ಕಾಯಿಲೆಗಳಲ್ಲೂ ಇಂಥದೇ ತೊಂದರೆ ಕಾಣುವುದರಿಂದ ವೈದ್ಯರು ಅವನ್ನು ಮೊದಲು ಪರೀಕ್ಷಿಸುತ್ತಾರೆ. ಉರಿ, ಜ್ವರ, ಮೂತ್ರದಲ್ಲಿ ರಕ್ತ ಕಂಡರೆ ನೋಟ್‌ಬುಕ್ಕಿಗಾಗಿ ಕಾಯದೆ ಹೊರಡಿ. ನೀರು ಕುಡಿಯುವುದನ್ನೇ ಬಿಡುವುದು ಪರಿಹಾರವಲ್ಲ.

ಚಿಕಿತ್ಸೆಯಿದೆ. ಒಂದು ಸಲಕ್ಕೂ ಇನ್ನೊಂದು ಸಲಕ್ಕೂ ನಡುವಿನ ಅವಧಿಯನ್ನು ನಿಧಾನವಾಗಿ ಹೆಚ್ಚಿಸುವ ಅಭ್ಯಾಸ, ಕಿಬ್ಬೊಟ್ಟೆಯ ತಳದ ಸ್ನಾಯುಗಳ ವ್ಯಾಯಾಮ, ಕಾಫಿ-ಚಹಾ ಕಡಿಮೆ ಮಾಡುವುದು, ಬೇಕಾದರೆ ಔಷಧಿ. ಕೆಲವು ವಾರಗಳ ನಂತರ ಮತ್ತೆ ಮೂರು ದಿನ ಬರೆಯಿರಿ. 3 ಇದ್ದಲ್ಲಿ 2, 2 ಇದ್ದಲ್ಲಿ 1 ಕಾಣತೊಡಗಿದರೆ ಗುಣವಾಗುತ್ತಿದೆಯೆಂದು ಅಮ್ಮನಿಗೇ ತಿಳಿಯುತ್ತದೆ.

ತಾಯ್ನುಡಿ ಉಳಿಸೋಣವೆಂದು ಸಭೆಗಳಲ್ಲಿ ಹೇಳುತ್ತೇವೆ. ತಾಯಿ ಆಡಿದ ಮಾತನ್ನು ತಪ್ಪಿಲ್ಲದೆ ವೈದ್ಯರಿಗೆ ಮುಟ್ಟಿಸುವುದೂ ಅದೇ ಸೇವೆ. ಇಂದು ಸಂಜೆಯೇ ಅಮ್ಮನ ಪಕ್ಕ ಕುಳಿತು ಕೇಳಿ. ಮುಂದಿನ ನಾಟಕಕ್ಕೆ ಅವರೂ ಬರುವಂತಾಗಲಿ.