ಅಳಿವೆಯಿಂದ ಉಸಿರಾಡುವ ಪುಲಿಕಾಟ್ ಸರೋವರ

ಹೈದರಾಬಾದಿನಿಂದ ಗೂಡೂರಿನ ಮಾರ್ಗವಾಗಿ ಚೆನ್ನೈಗೆ ರೈಲಿನಲ್ಲಿ ತೆರಳುವ ನಾವು ಸೂಳ್ಳೂರುಪೇಟೆಯನ್ನು ಹಾದುಹೋಗುತ್ತೇವೆ. ಅದರ ಪೂರ್ವಕ್ಕೆ, ಆಂಧ್ರಪ್ರದೇಶ ಮತ್ತು ತಮಿಳುನಾಡುಗಳ ಗಡಿಯಲ್ಲಿ ಹರಡಿರುವುದೇ ಪುಲಿಕಾಟ್. ಭಾರತದ ಕಡಲಂಚಿನ ಉಪ್ಪುನೀರಿನ ಸರೋವರಗಳಲ್ಲಿ ಒಡಿಶಾದ ಚಿಲ್ಕಾದ ನಂತರದ ಸ್ಥಾನ ಇದರದು. ರಾಕೆಟ್ ಉಡಾವಣೆಗೆ ಹೆಸರಾದ ಶ್ರೀಹರಿಕೋಟೆಯ ಮರಳುಭೂಮಿ ಇದನ್ನು ಬಂಗಾಳ ಕೊಲ್ಲಿಯಿಂದ ಬೇರ್ಪಡಿಸಿದೆ.

ಐಸ್‌ಲ್ಯಾಂಡಿನ ಯೋಕುಲ್ಸಾರ್ಲೋನ್ ಸಹ ಕಡಲತೀರದ ಸರೋವರವೇ. ಹಿಮನದಿ ಕರಗಿ ಹಿಂದೆ ಸರಿದಾಗ ಅದು ಹುಟ್ಟಿತು. ಅದರ ಆಳ 200 ಮೀಟರಿಗೂ ಅಧಿಕ. ಪುಲಿಕಾಟಿನ ಸರಾಸರಿ ಆಳವಾದರೋ ಸುಮಾರು 1 ಮೀಟರ್ ಮಾತ್ರ. ಆದರೆ ಎರಡಕ್ಕೂ ಸಮುದ್ರದ ಉಬ್ಬರದ ನೀರು ಕಿರಿದಾದ ಬಾಯಿಯಿಂದಲೇ ಒಳಬರಬೇಕು.

ಪುಲಿಕಾಟಿನ ನೀರಿಗೂ ಜಮಾ-ಖರ್ಚಿನ ಲೆಕ್ಕವುಂಟು. ಹಿಂಗಾರಿನಲ್ಲಿ ಅರಣಿ, ಕಾಳಂಗಿ ನದಿಗಳು ಸಿಹಿನೀರನ್ನು ತುಂಬುತ್ತವೆ. ಬೇಸಿಗೆಯಲ್ಲಿ ನೀರು ಆವಿಯಾಗಿ ಉಪ್ಪಿನಂಶ ಏರುತ್ತದೆ. ಈ ಏರಿಳಿತವನ್ನು ಹತೋಟಿಯಲ್ಲಿಡುವುದು ಅಳಿವೆ. ಸಮುದ್ರದಲ್ಲಿ ಹುಟ್ಟಿದ ಸಿಗಡಿಯ ಮರಿಗಳು ಇದರ ಮೂಲಕವೇ ಒಳಬಂದು ಬೆಳೆಯುತ್ತವೆ. ಚಳಿಗಾಲದಲ್ಲಿ ಬರುವ ರಾಜಹಂಸಗಳು ತೆಳುನೀರಿನ ಕೆಸರನ್ನು ಕೊಕ್ಕಿನಿಂದ ಸೋಸಿ ಪಾಚಿಯನ್ನೂ ಸಣ್ಣ ಜೀವಿಗಳನ್ನೂ ತಿನ್ನುತ್ತವೆ.

ತೀರದ ಗುಂಟ ಅಲೆಗಳು ಸಾಗಿಸುವ ಮರಳು ಅಳಿವೆಯನ್ನು ಮುಚ್ಚುತ್ತಿರುತ್ತದೆ. ಬಾಯಿ ಮುಚ್ಚಿದರೆ ಉಬ್ಬರ ಒಳಬಾರದು, ಸಿಗಡಿ ಬೆಳೆಯದು, ಬೇಸಿಗೆಯಲ್ಲಿ ಉತ್ತರಭಾಗ ಉಪ್ಪುಗಟ್ಟಿದ ಬಯಲಾಗುತ್ತದೆ. ಬೆಸ್ತರ ಬಲೆ ಬರಿದಾಗುತ್ತದೆ. ಹಂಸಗಳನ್ನು ಕಂಡು ಹರ್ಷಿಸುವ ನಾವು ಆ ಕಿರಿದಾದ ಅಳಿವೆಯ ಕ್ಷೇಮವನ್ನೂ ವಿಚಾರಿಸಬೇಕು. ಸರೋವರದ ಉಸಿರು ಇರುವುದು ಅಲ್ಲಿಯೇ.