ಕಣ್ಣಿನ ಪರದೆಗೂ ವರ್ಷಕ್ಕೊಮ್ಮೆ ಆಡಿಟ್ ಬೇಕು

ಕಾಮರ್ಸ್ ಓದುವವಳಿಗೆ ಕಣ್ಣಿನ ವಿಷಯ ಯಾಕೆ ಎಂದು ನೀವು ಕೇಳಬಹುದು. ಕಾರಣ ನನ್ನ ದಾದಿ.

ದಾದಿಗೆ ಹದಿನೈದು ವರ್ಷಗಳಿಂದ ಶುಗರ್. ಕಣ್ಣು ಒಮ್ಮೆ ತೋರಿಸೋಣ ಎಂದರೆ, "ಸೂಜಿಗೆ ನೂಲು ಈಗಲೂ ನಾನೇ ಹಾಕ್ತೇನೆ ಬೇಟಾ, ನನ್ನ ಕಣ್ಣಿಗೆ ಏನಾಗಿದೆ?" ಎಂದು ನಗುತ್ತಿದ್ದರು. ನಾವೂ ಸುಮ್ಮನಾಗುತ್ತಿದ್ದೆವು. ಎರಡು ವರ್ಷಗಳ ಹಿಂದೆ ಒಂದು ಬೆಳಿಗ್ಗೆ, ಎಡಗಣ್ಣಿನ ಮುಂದೆ ಕಪ್ಪು ಎಳೆಗಳು ತೇಲುತ್ತಿವೆ ಎಂದರು. ಸಂಜೆಯೊಳಗೆ ಆ ಕಣ್ಣು ಪೂರ್ತಿ ಮಬ್ಬಾಯಿತು. ಕಣ್ಣಿನೊಳಗೆ ರಕ್ತ ಸೋರಿತ್ತು. ಕಾಯಿಲೆ ಶುರುವಾಗಿ ವರ್ಷಗಳೇ ಆಗಿವೆ ಎಂದರು ಡಾಕ್ಟರು. ನೋವಿಲ್ಲದೆ, ಗೊತ್ತೇ ಆಗದೆ ಇದು ಹೇಗೆ ಸಾಧ್ಯ? ಅದನ್ನು ತಿಳಿಯಲು ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಲೆಯಂಥ ಪರದೆ

ಕಣ್ಣಿನ ಹಿಂಭಾಗದ ಒಳಗೋಡೆಯಲ್ಲಿ ಅರ್ಧ ಮಿಲಿಮೀಟರಿಗಿಂತಲೂ ತೆಳುವಾದ ಒಂದು ಪದರವಿದೆ. ಅದೇ ರೆಟಿನಾ, ಕನ್ನಡದಲ್ಲಿ ಅಕ್ಷಿಪಟಲ. ನಮ್ಮ ಮನೆಯಲ್ಲಿ ಅದನ್ನು ಕಣ್ಣಿನ 'ಪರ್ದಾ' ಎನ್ನುತ್ತಾರೆ. ಅರಬ್ಬಿ ವೈದ್ಯರು ಇಟ್ಟ ಹೆಸರು 'ಶಬಕಿಯಾ', ಅಂದರೆ ಬಲೆಯಂಥದ್ದು. ಲ್ಯಾಟಿನ್ನಿನ 'ರೆಟಿನಾ' ಪದದ ಮೂಲದಲ್ಲೂ ಬಲೆ ಎಂಬ ಅರ್ಥವೇ ಇದೆ. ತೆಂಕ ಎರ್ಮಾಳಿನ ಕಡಲ ಬದಿಯಲ್ಲಿ ಒಣಹಾಕಿದ ಬಲೆ ನೋಡಿದವರಿಗೆ ಈ ಹೆಸರು ಮರೆಯುವುದಿಲ್ಲ. ಬೆಳಕು ಈ ಪದರಕ್ಕೆ ಬಿದ್ದಾಗ ಅದರ ಜೀವಕೋಶಗಳು ಅದನ್ನು ವಿದ್ಯುತ್ ಸಂಕೇತವಾಗಿಸಿ ನರದ ಮೂಲಕ ಮಿದುಳಿಗೆ ಕಳಿಸುತ್ತವೆ.

ರಕ್ತದಲ್ಲಿ ಸಕ್ಕರೆ ವರ್ಷಗಟ್ಟಲೆ ಹೆಚ್ಚಿದ್ದರೆ ಈ ಪದರದ ಸಣ್ಣ ರಕ್ತನಾಳಗಳ ಗೋಡೆ ದುರ್ಬಲವಾಗುತ್ತದೆ. ಮೊದಲು ಚುಕ್ಕಿಗಳಂತೆ ಉಬ್ಬುತ್ತವೆ, ಆಮೇಲೆ ಸೋರುತ್ತವೆ. ಕೆಲವು ಮುಚ್ಚಿಹೋಗುತ್ತವೆ, ಆಗ ಹೊಸ, ಗಟ್ಟಿಯಿಲ್ಲದ ನಾಳಗಳು ಬೆಳೆದು ಒಡೆಯುತ್ತವೆ. ದೃಷ್ಟಿಯ ನಡುಭಾಗಕ್ಕೆ ತೊಂದರೆ ತಟ್ಟುವವರೆಗೆ ಓದಲು, ಹೊಲಿಯಲು ಅಡ್ಡಿಯಿಲ್ಲ. ದಾದಿಯ ಸೂಜಿ ನಮಗೆ ಮೋಸ ಮಾಡಿದ್ದು ಹೀಗೆ. ನಮ್ಮ ಅಕೌಂಟೆನ್ಸಿಯ ಸವಕಳಿಯೂ ಹಾಗೆಯೇ ಅಲ್ಲವೇ? ಯಂತ್ರ ದಿನವೂ ಓಡುತ್ತಿರುತ್ತದೆ, ನಷ್ಟ ಗೊತ್ತಾಗುವುದು ಲೆಕ್ಕ ತೆಗೆದಾಗ.

ಚಿತ್ರ ಏನು ಹೇಳುತ್ತದೆ

ಈ ಲೆಕ್ಕ ತೆಗೆಯುವ ಸಾಧನವೇ ರೆಟಿನಾದ ಚಿತ್ರ. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಣ್ಣಿನ ಒಳಗನ್ನು ನೋಡುವ ಉಪಕರಣವನ್ನು ಜಗತ್ತಿಗೆ ತೋರಿಸಿದರು. ಇಂದು ಫಂಡಸ್ ಕ್ಯಾಮೆರಾ ಅದೇ ನೋಟವನ್ನು ಫೋಟೋ ಮಾಡುತ್ತದೆ. 1991ರಲ್ಲಿ ಅಮೆರಿಕದ ಸಂಶೋಧಕರು ಪ್ರಕಟಿಸಿದ ಓಸಿಟಿ ಎಂಬ ವಿಧಾನ ಇನ್ನೂ ಮುಂದೆ ಹೋಗುತ್ತದೆ. ಸ್ಕ್ಯಾನಿಂಗ್‌ನಲ್ಲಿ ಶಬ್ದದ ಅಲೆ ಬಳಸುವಂತೆ ಇದರಲ್ಲಿ ಬೆಳಕನ್ನು ಬಳಸಿ, ಕಣ್ಣನ್ನು ಮುಟ್ಟದೆಯೇ ರೆಟಿನಾದ ಪದರಗಳನ್ನು ಒಂದೊಂದಾಗಿ ನೋಡಬಹುದು.

ಆದರೆ ಅಷ್ಟು ಚಿತ್ರಗಳನ್ನು ಪರೀಕ್ಷಿಸುವವರು ಯಾರು? ಇಲ್ಲಿ ಕಂಪ್ಯೂಟರ್ ನೆರವಿಗೆ ಬರುತ್ತದೆ. ಇದರ ಒಂದು ಕೆಲಸ ನಮ್ಮ ಪಕ್ಕದ ಮಣಿಪಾಲದಲ್ಲೇ ನಡೆದಿದೆ. ವಯಸ್ಸಾದವರ ರೆಟಿನಾದ ನಡುಭಾಗ ಹಾಳಾಗುವ ಮ್ಯಾಕ್ಯುಲಾ ಕಾಯಿಲೆಯನ್ನು ಗುರುತಿಸಲು, ಕಸ್ತೂರ್ಬಾ ಮೆಡಿಕಲ್ ಕಾಲೇಜಿನ ಕಣ್ಣಿನ ವಿಭಾಗದ ಫೋಟೋಗಳನ್ನು ಬಳಸಿ 14 ಪದರಗಳ ಒಂದು ಕಂಪ್ಯೂಟರ್ ಜಾಲವನ್ನು ತರಬೇತುಗೊಳಿಸಲಾಯಿತು. 2018ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮಣಿಪಾಲದ ಡಾ. ಸುಲತಾ ಭಂಡಾರಿ ಮತ್ತು ಆಗ ಸಿಂಗಾಪುರದಲ್ಲಿದ್ದ, ಸುರತ್ಕಲ್‌ನ ಎನ್‌ಐಟಿಕೆಯಲ್ಲಿ ಪಿಎಚ್‌ಡಿ ಮಾಡಿದ ಯು. ರಾಜೇಂದ್ರ ಆಚಾರ್ಯ ಕೂಡ ಇದ್ದರು. ಒಂದು ಬಗೆಯ ಪರೀಕ್ಷೆಯಲ್ಲಿ ಶೇ. 91.17, ಇನ್ನೊಂದರಲ್ಲಿ ಶೇ. 95.45ರಷ್ಟು ಉತ್ತರ ಸರಿ ಬಂತು.

ಲೆಕ್ಕದ ವಿದ್ಯಾರ್ಥಿನಿಯಾದ ನನ್ನ ಕಣ್ಣು ಉಳಿದ ಭಾಗದ ಮೇಲೆ ಹೋಯಿತು. ಆರೋಗ್ಯವಂತರನ್ನು ರೋಗಿ ಎಂದರೆ ಒಂದು ಬಸ್ ಚಾರ್ಜು, ಒಂದು ದಿನ ನಷ್ಟ. ರೋಗಿಯನ್ನು ಆರೋಗ್ಯವಂತ ಎಂದರೆ ಕಣ್ಣೇ ನಷ್ಟ. ಆದ್ದರಿಂದ ಯಂತ್ರ ಸೋಸಿ ಕೊಡಬಹುದು. ಕೊನೆಯ ಮಾತು ಡಾಕ್ಟರದ್ದೇ ಆಗಿರಬೇಕು.

ನಾವು ಮಾಡಬೇಕಾದ್ದು

ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಟೈಪ್ 2 ಮಧುಮೇಹವಿದ್ದರೆ, ಕಾಯಿಲೆ ಗೊತ್ತಾದ ಕೂಡಲೇ ರೆಟಿನಾ ಪರೀಕ್ಷೆ ಆಗಬೇಕು. ಆಮೇಲೆ ಸಾಮಾನ್ಯವಾಗಿ ವರ್ಷಕ್ಕೊಮ್ಮೆ. ಕನ್ನಡಕದ ನಂಬರ್ ನೋಡಿಸಿದರೆ ಅದು ರೆಟಿನಾ ಪರೀಕ್ಷೆ ಆಗುವುದಿಲ್ಲ. ನಾವು ಮಾಡಿದ ತಪ್ಪು ಅದೇ. ಬೇಗ ಗೊತ್ತಾದರೆ ಸಕ್ಕರೆ, ಬಿಪಿ ಹತೋಟಿಯಲ್ಲಿಟ್ಟು, ಬೇಕಾದರೆ ಲೇಸರ್ ಅಥವಾ ಇಂಜೆಕ್ಷನ್ ಕೊಟ್ಟು ದೃಷ್ಟಿ ಉಳಿಸಿಕೊಳ್ಳಬಹುದು. ದಾದಿಯ ಬಲಗಣ್ಣು ಉಳಿದದ್ದು ಲೇಸರ್‌ನಿಂದ.

ಅಬ್ಬಾಗೂ ಆರು ವರ್ಷದಿಂದ ಶುಗರ್. ಅಂಗಡಿ ಬಿಟ್ಟು ಬರಲಾಗದು ಎನ್ನುತ್ತಿದ್ದವರನ್ನು ಕಳೆದ ತಿಂಗಳು ನಾನೇ ಹಟ ಮಾಡಿ ಕರೆದುಕೊಂಡು ಹೋದೆ. ಪಾಪೆ ಹಿಗ್ಗಿಸುವ ಹನಿ ಹಾಕಿದರೆ ಕೆಲವು ಗಂಟೆ ಎಲ್ಲವೂ ಮಬ್ಬು. ಬೈಕ್ ಬಿಡುವಂತಿಲ್ಲ, ಹಾಗಾಗಿ ಬಸ್ಸಿನಲ್ಲೇ ಹೋದೆವು. ಚಿತ್ರದಲ್ಲಿ ಕೆಲವೇ ಚುಕ್ಕಿಗಳಿದ್ದವು. ಇದು ಆರಂಭ, ಈಗಲೇ ಬಂದದ್ದು ಒಳ್ಳೆಯದಾಯಿತು ಎಂದರು ಡಾಕ್ಟರು. ಅಂದು ಸಂಜೆ ಅಂಗಡಿಯ ಲೆಕ್ಕ ಬರೆದದ್ದು ನಾನು.

ಗೆಳತಿಯರೇ, ಗೆಳೆಯರೇ, ನಿಮ್ಮ ಮನೆಯಲ್ಲೂ ಶುಗರ್ ಇರುವವರು ಇರಬಹುದು. ರೆಟಿನಾ ಕೊನೆಯ ಬಾರಿ ಯಾವಾಗ ತೋರಿಸಿದ್ದು ಎಂದು ಇವತ್ತೇ ಕೇಳಿ. "ನನಗೆ ಚೆನ್ನಾಗಿ ಕಾಣ್ತದೆ" ಎಂಬ ಉತ್ತರಕ್ಕೆ ಸುಮ್ಮನಾಗಬೇಡಿ.