ಹಕ್ಕಿಯ ದನಿ, ಕೇಳುವ ಕಿವಿ

ಚೈತ್ರದ ಮುಂಜಾವಿನಲ್ಲಿ ಸಾಮಾಯಿಕಕ್ಕೆ ಕುಳಿತ ಶ್ರಾವಕನ ಕಿವಿಗೆ ಮೊದಲು ಬೀಳುವುದು ಹಕ್ಕಿಗಳ ದನಿ. ಹಿತ್ತಲ ಮಾವಿನ ಮರದಿಂದ ಕೋಗಿಲೆ, ಮಾಡಿನ ಅಂಚಿನಿಂದ ಮಡಿವಾಳ ಹಕ್ಕಿ. ಇವು ನಮಗಾಗಿಯೇ ಹಾಡುತ್ತಿವೆ ಎಂಬ ಭಾವನೆ ಮೂಡುವುದು ಸಹಜ. ಕವಿಗಳೂ ಹಾಗೆಯೇ ನಂಬಿಸಿದ್ದಾರೆ.

ವಾಸ್ತವ ಬೇರೆ. ‘ಕುಹೂ’ ಎನ್ನುವುದು ಕಪ್ಪು ಮೈಯ ಗಂಡು ಕೋಗಿಲೆ. ಅದು ಸಂಗಾತಿಯನ್ನು ಕರೆಯುತ್ತಿದೆ. ಚುಕ್ಕೆಗಳುಳ್ಳ ಕಂದು ಬಣ್ಣದ ಹೆಣ್ಣಿನ ದನಿಯಲ್ಲಿ ಆ ಇಂಪಿಲ್ಲ. ಮಡಿವಾಳ ಹಕ್ಕಿ ಹಾಡಿ ತನ್ನ ಎಲ್ಲೆಯನ್ನು ಸಾರುತ್ತದೆ. ಗಿಡುಗನ ನೆರಳು ಸುಳಿದರೆ ಅಳಿಲಿಗೂ ಅರ್ಥವಾಗುವಂತಹ ಎಚ್ಚರಿಕೆಯ ಕೂಗು. ಗೂಡಿನೊಳಗೆ ಗುಟುಕಿಗಾಗಿ ಮರಿಗಳ ಚೀರಾಟ.

ಜೈನ ಸಿದ್ಧಾಂತವು ಸಂಸಾರಿ ಜೀವಿಗಳಿಗೆ ಆಹಾರ, ಭಯ, ಮೈಥುನ, ಪರಿಗ್ರಹ ಎಂಬ ನಾಲ್ಕು ಸಂಜ್ಞೆಗಳನ್ನು ಹೇಳುತ್ತದೆ. ಮರದ ಮೇಲಿನ ಗದ್ದಲವನ್ನು ಗಮನವಿಟ್ಟು ಆಲಿಸಿದರೆ ನಾಲ್ಕೂ ಕೇಳಿಸುತ್ತವೆ. ಮನೆಯೊಳಗಿನ ಮಾತುಕತೆಯನ್ನು ಆಲಿಸಿದರೂ ಅಷ್ಟೇ! ಪಕ್ಷಿಯೂ ಐದು ಇಂದ್ರಿಯಗಳುಳ್ಳ, ಮನಸ್ಸುಳ್ಳ ತಿರ್ಯಂಚ ಜೀವ.

ಈ ನಾಲ್ಕನ್ನೂ ಮೀರಿದ ಒಂದು ಕೂಗು ಜನ್ನ ಕವಿ 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯಲ್ಲಿದೆ. ಹಿಟ್ಟಿನ ಕೋಳಿಯನ್ನು ಬಲಿಕೊಟ್ಟ ಸಂಕಲ್ಪಹಿಂಸೆಯ ಫಲವಾಗಿ ಅರಸ ಯಶೋಧರನೂ ತಾಯಿ ಚಂದ್ರಮತಿಯೂ ಹಲವು ಪ್ರಾಣಿಜನ್ಮಗಳಲ್ಲಿ ತೊಳಲಿ ಕೊನೆಗೆ ಕೋಳಿಗಳಾಗಿ ಹುಟ್ಟುತ್ತಾರೆ. ಮುನಿಯೊಬ್ಬರ ಧರ್ಮೋಪದೇಶ ಕಿವಿಗೆ ಬಿದ್ದು, ಹಿಂದಿನ ಭವಗಳ ಸ್ಮರಣೆಯಾಗಿ, ಹರ್ಷದಿಂದ ಕೂಗುತ್ತಾರೆ. ಸಮೀಪದಲ್ಲಿದ್ದ ಅರಸ ಯಶೋಮತಿಗೆ ಆ ಕೂಗು ಕೇಳಿಸಿತು. ಆದರೆ ಗುರಿಯಾಗಿ ಮಾತ್ರ. ಶಬ್ದವೇಧಿ ವಿದ್ಯೆಯ ಹೆಮ್ಮೆಯಿಂದ ದನಿ ಬಂದ ಕಡೆಗೆ ಬಾಣ ಬಿಟ್ಟ. ಎರಡೂ ಕೋಳಿಗಳು ಸತ್ತವು. ಯಶೋಮತಿ ಬೇರಾರೂ ಅಲ್ಲ, ಯಶೋಧರನ ಮಗ. ಕೊಂದದ್ದು ತಂದೆಯನ್ನು, ಅಜ್ಜಿಯನ್ನು.

ಇಂದು ಬಿಲ್ಲುಬಾಣಗಳಿಲ್ಲ, ಪಂಜರಗಳಿವೆ. ‘ತತ್ತ್ವಾರ್ಥಸೂತ್ರ’ವು ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಎಣಿಸುವಾಗ ಮೊದಲು ಹೇಳುವುದು ಬಂಧವನ್ನು, ಅಂದರೆ ಜೀವಿಯನ್ನು ಕಟ್ಟಿಹಾಕುವುದನ್ನು, ಹೊಡೆತ ಅದರ ನಂತರ. ಕಾಡಿನ ಗಿಳಿಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು. ದೆಹಲಿಯ ಕೆಂಪುಕೋಟೆಯ ಎದುರಿನ ದಿಗಂಬರ ಜೈನ ಲಾಲ್ ಮಂದಿರದ ಪಕ್ಷಿ ಆಸ್ಪತ್ರೆಯಲ್ಲಿ ಗುಣಮುಖವಾದ ಹಕ್ಕಿಗಳನ್ನು ಆಕಾಶಕ್ಕೆ ಬಿಡುವುದು ರೂಢಿ.

ಆದರೂ ಪಂಜರದ ಗಿಳಿಗೆ ‘ಅರಿಹಂತ’ ಎನ್ನಲು ಕಲಿಸಿ, ಅತಿಥಿಗಳ ಮುಂದೆ ಹೇಳಿಸಿ ಹಿಗ್ಗುವವರು ಇಲ್ಲದಿಲ್ಲ. ಅದೇ ಗಿಳಿ ಸಂಜೆ, ಬಯಲಿನ ಗಿಳಿಗಳ ಹಿಂಡು ಮನೆಯ ಮೇಲೆ ಹಾದುಹೋಗುವಾಗ, ಸರಳುಗಳನ್ನು ಕಚ್ಚಿ ಕಿರಿಚಿಕೊಳ್ಳುತ್ತದೆ. ಆಗ ಪಂಜರದ ಮೇಲೆ ಬಟ್ಟೆ ಹೊದಿಸುತ್ತಾರೆ.